ಮೊದಲ ಕೆಲಸಕ್ಕೆ ಅರ್ಜಿ ಹಾಕ್ತಿದ್ದೀರಾ? ಕೊನೇ ದಿನ ಬರೋಕೆ ಮುಂಚೆ ಈ ಕಾಗದಗಳನ್ನ ಒಮ್ಮೆ ಹೊರಗೆ ತೆಗೀರಿ

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಅರ್ಜಿ ಕರೆದಾಗಲೆಲ್ಲ ಒಂದು ದೃಶ್ಯ ತಪ್ಪಲ್ಲ. ಗಂಗಾವತಿಗೆ ಹೋಗಿ, ಕುಷ್ಟಗಿಗೆ ಹೋಗಿ, ಕೊನೇ ದಿನ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರ್ ಮುಂದೆ ಹುಡುಗ ಹುಡುಗಿಯರ ಸಾಲು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಮಡಚಿ ಮಡಚಿ ಹರಿಯೋಕೆ ಬಂದ ಮಾರ್ಕ್ಸ್ ಕಾರ್ಡ್. ಒಳಗೆ ಸರ್ವರ್ ಸುತ್ತುತ್ತಾ ಕೂತಿರುತ್ತೆ. ಸರದಿ ಬಂದಾಗ ಗೊತ್ತಾಗುತ್ತೆ, ಆಧಾರ್‌ನಲ್ಲಿ ಇರೋ ಹೆಸರೇ ಬೇರೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಇರೋ ಹೆಸರೇ ಬೇರೆ. ಆಗ ಮಾಡೋಕೆ ಏನೂ ಇರಲ್ಲ. "ಇರ್ಲಿ ಬಿಡು, ಮುಂದೆ ನೋಡ್ಕೊಂಡ್ರಾಯ್ತು" ಅಂತ ಅರ್ಜಿ ಒತ್ತಿ ಬಿಡ್ತಾರೆ. ಆಯ್ಕೆ ಆದ ಮೇಲೆ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಆ "ಮುಂದೆ" ಬರುತ್ತೆ.

ಕೆಲಸ ಸಿಗದೇ ಇರೋದಕ್ಕೆ ಅಂಕ ಕಡಿಮೆ ಅನ್ನೋದು ಒಂದು ಕಾರಣ. ಆದರೆ ಅಂಕ ಇದ್ದೂ, ಮೀಸಲಾತಿ ಇದ್ದೂ ಕಾಗದದಲ್ಲಿ ಸೋಲೋರು ನಮ್ಮಲ್ಲಿ ಬಹಳ ಜನ. ಅರ್ಜಿ ತುಂಬೋಕೆ ಅರ್ಧ ಗಂಟೆ ಸಾಕು, ಅದಕ್ಕೆ ಬೇಕಾದ ಕಾಗದ ಸರಿ ಮಾಡಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕಾಗುತ್ತೆ. ಅಧಿಸೂಚನೆ ಬಂದ ಮೇಲೆ ಶುರು ಮಾಡಿದರೆ ಆ ತಿಂಗಳುಗಳು ಸಿಗಲ್ಲ.

ಹೆಸರಿನ ತಕರಾರು

ಮೊದಲು ಮನೆಯಲ್ಲಿ ಕೂತು ಒಂದು ಕೆಲಸ ಮಾಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಇಷ್ಟನ್ನೂ ನೆಲದ ಮೇಲೆ ಸಾಲಾಗಿ ಇಡಿ. ನಿಮ್ಮ ಹೆಸರು, ತಂದೆ ಹೆಸರು, ಹುಟ್ಟಿದ ದಿನಾಂಕ ಅಕ್ಷರ ಅಕ್ಷರ ಹೋಲಿಸಿ. ಕನ್ನಡದಲ್ಲಿ ಸರಿ ಇದ್ರೆ ಸಾಲದು, ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ. ಶರಣಪ್ಪ ಅನ್ನೋ ಹೆಸರಿಗೆ ಒಂದು ಕಡೆ ಒಂದೇ 'ಪಿ', ಇನ್ನೊಂದು ಕಡೆ ಎರಡು. ಬಸವರಾಜ ಅನ್ನೋದರ ಕೊನೆಗೆ ಒಂದು ಕಡೆ 'ಎ' ಇದೆ, ಇನ್ನೊಂದು ಕಡೆ ಇಲ್ಲ. ಶಾಲೆಯಲ್ಲಿ ಮನೆತನದ ಹೆಸರು ಬರೆಸಿರ್ತಾರೆ, ಆಧಾರ್‌ನಲ್ಲಿ ಬರೀ ತಂದೆ ಹೆಸರಿನ ಇನಿಷಿಯಲ್ ಇರುತ್ತೆ. ಮದುವೆ ಆದ ಹೆಣ್ಣುಮಕ್ಕಳಿಗಂತೂ ಗಂಡನ ಹೆಸರು ಸೇರಿ ಮೂರು ದಾಖಲೆಯಲ್ಲಿ ಮೂರು ಹೆಸರು.

ಯಾವುದನ್ನ ಯಾವುದಕ್ಕೆ ಹೊಂದಿಸಬೇಕು? ಕೆಲಸದ ಅರ್ಜಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೇ ತಾಯಿಬೇರು. ಅದರಲ್ಲಿ ಹೆಸರು, ಜನ್ಮದಿನಾಂಕ ಸರಿ ಇದ್ರೆ ಅದನ್ನ ಮುಟ್ಟಬೇಡಿ, ಆಧಾರ್ ಅನ್ನೇ ಅದಕ್ಕೆ ತಕ್ಕಂತೆ ತಿದ್ದಿಸಿ. ವಯಸ್ಸಿಗೆ ಆಧಾರ್ ಪುರಾವೆ ಅಲ್ಲ, ಶಾಲಾ ದಾಖಲೆಗೆ ಹೆಚ್ಚು ತೂಕ ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿದೆ.

ಆಧಾರ್ ತಿದ್ದುಪಡಿ ಮಾಡಿಸುವಾಗ ಒಂದು ಮಾತು ನೆನಪಿರಲಿ. ಹೆಸರನ್ನ ಜೀವಮಾನದಲ್ಲಿ ಎರಡು ಸಲ, ಜನ್ಮದಿನಾಂಕವನ್ನ ಒಂದೇ ಸಲ ತಿದ್ದೋಕೆ ಅವಕಾಶ. "ಸದ್ಯಕ್ಕೆ ಹೀಗಿರ್ಲಿ, ಆಮೇಲೆ ಇನ್ನೊಮ್ಮೆ ಮಾಡ್ಸೋಣ" ಅನ್ನೋ ಆಟ ಇಲ್ಲಿ ನಡೆಯಲ್ಲ. ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡ್ಕೊಂಡು ಹೋಗಿ, ಆಪರೇಟರ್ ಟೈಪ್ ಮಾಡಿದ್ದನ್ನ ಪರದೆ ಮೇಲೆ ಓದಿ, ಆಮೇಲೆ ಹೂಂ ಅನ್ನಿ.

ತಪ್ಪು ಮಾರ್ಕ್ಸ್ ಕಾರ್ಡ್‌ನಲ್ಲೇ ಇದ್ರೆ ದಾರಿ ಉದ್ದ. ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕವೇ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಪ್ರಸ್ತಾವ ಹೋಗಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಏನಿದೆಯೋ ಅದರ ಆಧಾರದ ಮೇಲೆ ತಿದ್ದುಪಡಿ ಆಗುತ್ತೆ. ಹಾಗಾಗಿ ಈಗ ಒಂಬತ್ತು, ಹತ್ತನೇ ಕ್ಲಾಸಿನಲ್ಲಿ ಮಕ್ಕಳಿರೋ ಅಪ್ಪ ಅಮ್ಮಂದಿರು ಶಾಲೆಗೆ ಹೋಗಿ ಹೆಸರು ಹೇಗೆ ಬರೆದಿದ್ದಾರೆ ಅಂತ ಈಗಲೇ ನೋಡಿ ಬಂದ್ರೆ ಹತ್ತು ವರ್ಷದ ಅಲೆದಾಟ ಉಳಿಯುತ್ತೆ. ನೋಟರಿ ಹತ್ತಿರ "ಈ ಎರಡೂ ಹೆಸರಿನ ವ್ಯಕ್ತಿ ನಾನೇ" ಅಂತ ಅಫಿಡವಿಟ್ ಮಾಡಿಸೋದು ರೂಢಿಯಲ್ಲಿದೆ. ಕೆಲವು ಕಡೆ ಒಪ್ತಾರೆ, ಕೆಲವು ಕಡೆ ಒಪ್ಪಲ್ಲ. ಅದನ್ನೇ ನಂಬಿ ಕೂರಬೇಡಿ.

ಜಾತಿ ಪ್ರಮಾಣಪತ್ರ ಇದೆ, ಆದರೆ ಯಾವುದು?

ಇದು ಅತಿ ಹೆಚ್ಚು ಗೊಂದಲ ಇರೋ ಜಾಗ, ಸ್ವಲ್ಪ ನಿಧಾನವಾಗಿ ಓದಿ.

ರಾಜ್ಯ ಸರ್ಕಾರದ ಹುದ್ದೆ ಬೇರೆ, ಕೇಂದ್ರ ಸರ್ಕಾರದ ಹುದ್ದೆ ಬೇರೆ. ಗ್ರಾಮ ಆಡಳಿತ ಅಧಿಕಾರಿ, ಅಂಗನವಾಡಿ, ಜಿಲ್ಲಾ ನ್ಯಾಯಾಲಯದ ಜವಾನ ಇವೆಲ್ಲ ರಾಜ್ಯದ ಲೆಕ್ಕ. ಅಂಚೆ ಇಲಾಖೆ, ರೈಲ್ವೆ ಕೇಂದ್ರದ ಲೆಕ್ಕ. ನಾಡಕಚೇರಿಯಲ್ಲಿ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಅಂತ ಕೊಡೋ ಪ್ರಮಾಣಪತ್ರ ರಾಜ್ಯದ ಹುದ್ದೆಗೆ ಮಾತ್ರ ನಡೆಯುತ್ತೆ. ಕೇಂದ್ರದ ಹುದ್ದೆಗೆ ಒಬಿಸಿ ಅಂತ ಹಾಕಬೇಕಾದ್ರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರದಲ್ಲಿ ಇಲ್ಲ ಅನ್ನೋ ಒಬಿಸಿ ಪ್ರಮಾಣಪತ್ರ ತಹಶೀಲ್ದಾರರಿಂದ ಪಡೀಬೇಕು. ಇನ್ನೊಂದು ಗಂಟು ಇದೆ. ರಾಜ್ಯದ ಪಟ್ಟಿಯಲ್ಲಿ 3ಬಿ ಅಂತ ಇರೋ ಎಲ್ಲ ಸಮುದಾಯಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ. ಹೆಸರು ಅಲ್ಲಿ ಇಲ್ಲದೇ ಹೋದ್ರೆ ಒಬಿಸಿ ಅಂತ ಟಿಕ್ ಹಾಕಬಾರದು. ಅಂಥವರಿಗೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದು ಆಸ್ತಿಯ ಮಿತಿಯೊಳಗೆ ಬಂದ್ರೆ, ಆರ್ಥಿಕವಾಗಿ ಹಿಂದುಳಿದವರ ಕೋಟಾದ, ಅಂದ್ರೆ ಇಡಬ್ಲ್ಯುಎಸ್ ಪ್ರಮಾಣಪತ್ರ ಸಿಗಬಹುದು. ಗೊತ್ತಿಲ್ಲದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿ ಅವಕಾಶ ಕಳ್ಕೊಳ್ಳೋರೂ ಇದ್ದಾರೆ, ಗೊತ್ತಿಲ್ಲದೆ ಒಬಿಸಿ ಅಂತ ಹಾಕಿ ತಿರಸ್ಕಾರ ಆಗೋರೂ ಇದ್ದಾರೆ.

ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು 371ಜೆ. ಕೊಪ್ಪಳ ಸೇರಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಈ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಸಿ ಆದ್ರೆ ಶೇ 80, ಗ್ರೂಪ್ ಡಿ ಆದ್ರೆ ಶೇ 85 ಮೀಸಲು. ಇಷ್ಟು ದೊಡ್ಡ ಅವಕಾಶಕ್ಕೆ ಬೇಕಾಗಿರೋದು ಉಪವಿಭಾಗಾಧಿಕಾರಿ ಸಹಿ ಇರೋ ಒಂದು ಅರ್ಹತಾ ಪ್ರಮಾಣಪತ್ರ. "ನಾನು ಇಲ್ಲೇ ಹುಟ್ಟಿದವನು, ಅದ್ಯಾಕೆ ಬೇಕು" ಅನ್ನೋ ಹಂಗಿಲ್ಲ. ಈ ಕಾಗದ ಇಲ್ಲದಿದ್ರೆ ನೀವು ಬೇರೆ ಜಿಲ್ಲೆಯವರ ಸಾಲಿನಲ್ಲೇ ನಿಲ್ಲಬೇಕು. ಅಂಚೆ, ರೈಲ್ವೆಯಂಥ ಕೇಂದ್ರದ ಹುದ್ದೆಗೆ ಮಾತ್ರ 371ಜೆ ಅನ್ವಯಿಸಲ್ಲ, ಅಲ್ಲಿ ಅದನ್ನ ಹಿಡ್ಕೊಂಡು ವಾದ ಮಾಡಿ ಪ್ರಯೋಜನ ಇಲ್ಲ.

ಇನ್ನು ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಹಾಗೇ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಪ್ರತ್ಯೇಕ ಪಾಲು ಇದೆ. ಎರಡಕ್ಕೂ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಮೇಲು ಸಹಿ ಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳೋದಾದ್ರೆ ತಹಶೀಲ್ದಾರ್ ಕೊಡೋ ನಮೂನೆ-1 ಕೂಡ ಜೊತೆಗಿರಬೇಕು. ಪ್ರಾಥಮಿಕ ಒಂದೂರಲ್ಲಿ, ಹೈಸ್ಕೂಲು ಇನ್ನೊಂದೂರಲ್ಲಿ ಓದಿದ್ರೆ ಎರಡೂ ಶಾಲೆಗೆ ಹೋಗಬೇಕಾಗುತ್ತೆ. ಬೇಸಿಗೆ ರಜೆಯಲ್ಲಿ ಹೋದ್ರೆ ಹೆಡ್ ಮಾಸ್ತರು ಸಿಗಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಕೊಳ್ಳಿ.

ಈ ಎಲ್ಲದಕ್ಕೂ ಸೇರಿದ ಒಂದು ನಿಯಮವನ್ನ ಬಹಳ ಜನ ಓದೋದೇ ಇಲ್ಲ. ರಾಜ್ಯದ ನೇಮಕಾತಿಗಳಲ್ಲಿ ಮೀಸಲಾತಿ ಪ್ರಮಾಣಪತ್ರ ಅರ್ಜಿ ಸಲ್ಲಿಸೋ ಕೊನೇ ದಿನಾಂಕದೊಳಗೆ ಪಡೆದಿದ್ದಾಗಿರಬೇಕು. ಆಯ್ಕೆ ಪಟ್ಟಿ ಬಂದ ಮೇಲೆ ಓಡಾಡಿ ತಂದ ಕಾಗದದ ಮೇಲಿನ ದಿನಾಂಕ ನೋಡಿದ ಕೂಡಲೇ ಆ ಮೀಸಲಾತಿ ಹೋಗುತ್ತೆ. ಆದಾಯ ಸೇರಿಸಿ ಕೊಟ್ಟ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಅದು ಮುಗಿದಿದೆಯೋ ಇಲ್ಲವೋ ನೋಡ್ಕೊಳ್ಳಿ.

ಅಂಚೆ ಕೆಲಸ: ಪರೀಕ್ಷೆ ಇಲ್ಲ ಅಂದ ಮಾತ್ರಕ್ಕೆ ಸುಲಭ ಅಲ್ಲ

ಹಳ್ಳಿ ಕಡೆ ಹೆಚ್ಚು ಜನ ಕೇಳೋದು ಇದನ್ನೇ, ಹಾಗಾಗಿ ಒಂದೆರಡು ವಿಷಯ. ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಲಿಖಿತ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಹತ್ತನೇ ತರಗತಿ ಅಂಕದ ಮೇಲೆ ಕಂಪ್ಯೂಟರ್ ಪಟ್ಟಿ ಮಾಡುತ್ತೆ, ಶೇಕಡಾವಾರು ಲೆಕ್ಕ ದಶಮಾಂಶದ ನಾಲ್ಕು ಸ್ಥಾನದವರೆಗೂ ಹೋಗುತ್ತೆ. ವಯಸ್ಸು 18ರಿಂದ 40, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಹತ್ತನೇವರೆಗೆ ಕನ್ನಡ ಓದಿರಬೇಕು, ಸೈಕಲ್ ಬರಬೇಕು. ಶುಲ್ಕ 100 ರೂಪಾಯಿ, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರಿಗೆ ಅದೂ ಇಲ್ಲ. ಶಾಖಾ ಅಂಚೆ ಪಾಲಕರಿಗೆ ಆರಂಭದ ಭತ್ಯೆ 12,000, ಸಹಾಯಕರಿಗೆ 10,000, ಅದರ ಮೇಲೆ ತುಟ್ಟಿಭತ್ಯೆ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ. ಇದು ಪೂರ್ಣ ಪ್ರಮಾಣದ ಕೇಂದ್ರ ಸರ್ಕಾರಿ ನೌಕರಿ ಅಲ್ಲ ಅನ್ನೋದನ್ನ ತಿಳ್ಕೊಂಡೇ ಅರ್ಜಿ ಹಾಕಿ. ಅಂಚೆ ಪಾಲಕರಾದ್ರೆ ಶಾಖಾ ಕಚೇರಿ ನಡೆಸೋಕೆ ಆ ಊರಲ್ಲಿ ಜಾಗವನ್ನೂ ನೀವೇ ನೋಡಬೇಕು, ಅಲ್ಲೇ ವಾಸ ಇರಬೇಕು. ಎಲ್ಲೋ ದೂರದ ತಾಲೂಕಿನ ಊರನ್ನ ಆಯ್ಕೆಯಲ್ಲಿ ಟಿಕ್ ಮಾಡಿ, ಹೆಸರು ಬಂದ ಮೇಲೆ "ಅಲ್ಲಿಗೆ ಯಾರ್ ಹೋಗ್ತಾರೆ" ಅನ್ನೋರನ್ನ ನೋಡಿದಾಗ ಪಾಪ ಅನಿಸೋದಕ್ಕಿಂತ ಸಿಟ್ಟೇ ಬರುತ್ತೆ. ಆ ಜಾಗಕ್ಕೆ ಕಾಯ್ತಿದ್ದೋರು ಇನ್ನೊಬ್ಬರಿದ್ರು.

ಅಂಕ ತುಂಬುವಾಗ ನೋಡಿಕೊಂಡು ತುಂಬಿ. ನಮ್ಮ ಎಸ್ಸೆಸ್ಸೆಲ್ಸಿ 625ಕ್ಕೆ, ಪ್ರಥಮ ಭಾಷೆ 125ಕ್ಕೆ. 600ಕ್ಕೆ ಅಂತ ತುಂಬಿದ್ರೆ ಶೇಕಡಾವಾರು ತಪ್ಪು ಬರುತ್ತೆ, ಪರಿಶೀಲನೆಯಲ್ಲಿ ಮೂಲ ಮಾರ್ಕ್ಸ್ ಕಾರ್ಡ್ ನೋಡಿದಾಗ ಆಯ್ಕೆ ರದ್ದಾಗುತ್ತೆ. ಬೇಕಂತ ಮಾಡಿದ್ದಲ್ಲ ಅಂತ ಹೇಳಿದರೂ ಕೇಳಲ್ಲ.

ಸೆಂಟರ್‌ನಲ್ಲಿ ಕೂತಾಗ

ಆನ್‌ಲೈನ್ ಸೆಂಟರ್‌ನವರು ದಿನಕ್ಕೆ ಎಷ್ಟೋ ಅರ್ಜಿ ತುಂಬ್ತಾರೆ. ಅವರನ್ನ ದೂರಿ ಫಲ ಇಲ್ಲ, ತಪ್ಪಾದ್ರೆ ಅನುಭವಿಸೋರು ನೀವು. ಕಾಗದ ಕೊಟ್ಟು "ಹಾಕಿಡ್ರಿ, ಸಂತೆ ಮಾಡ್ಕೊಂಡು ಬರ್ತೀನಿ" ಅಂತ ಹೋಗಬೇಡಿ. ಪಕ್ಕದಲ್ಲೇ ಕೂತು ಪ್ರತಿ ಸಾಲನ್ನೂ ಓದಿ. ಕೊನೇ ಬಟನ್ ಒತ್ತೋ ಮುಂಚೆ ಪೂರ್ತಿ ಅರ್ಜಿಯನ್ನ ಒಮ್ಮೆ ತೋರಿಸಿ ಅಂತ ಕೇಳಿ.

ಮೊಬೈಲ್ ನಂಬರ್, ಇ-ಮೇಲ್ ನಿಮ್ಮದೇ ಇರಲಿ. ಅವಸರಕ್ಕೆ ಸೆಂಟರ್‌ನವರ ಇ-ಮೇಲ್ ಹಾಕಿಸಿದವರಿಗೆ ಪರಿಶೀಲನೆಗೆ ಕರೆದ ಪತ್ರ ಅವರ ಮೇಲ್‌ಗೆ ಹೋಗಿ ಅಲ್ಲೇ ಉಳಿಯುತ್ತೆ. ವರ್ಷಕ್ಕೆರಡು ಸಿಮ್ ಬದಲಾಯಿಸೋ ಚಾಳಿ ಇದ್ರೆ ಅರ್ಜಿ ಹಾಕಿದ ಮೇಲೆ ಆ ನಂಬರ್ ಸಾಯದಂತೆ ರೀಚಾರ್ಜ್ ಮಾಡ್ತಾ ಇರಿ. ಪಾಸ್‌ವರ್ಡ್, ನೋಂದಣಿ ಸಂಖ್ಯೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅರ್ಜಿಯ ಪಿಡಿಎಫ್, ಶುಲ್ಕ ಕಟ್ಟಿದ ರಸೀದಿ ನಿಮ್ಮ ವಾಟ್ಸ್ಆ್ಯಪ್‌ಗೆ ಅಲ್ಲೇ ಹಾಕಿಸ್ಕೊಳ್ಳಿ. ಫೋಟೋ ಇತ್ತೀಚಿನದು, ಬಿಳಿ ಹಿನ್ನೆಲೆ. ಐದು ವರ್ಷದ ಹಿಂದಿನ ಹಾಲ್ ಟಿಕೆಟ್ ಫೋಟೋ ಬೇಡ. ಡಿಜಿಲಾಕರ್‌ನಲ್ಲಿ ಮಾರ್ಕ್ಸ್ ಕಾರ್ಡ್ ಇಳಿಸಿಟ್ಟುಕೊಂಡ್ರೆ ಮೂಲ ಪ್ರತಿ ಹೊತ್ತು ತಿರುಗೋದು ತಪ್ಪುತ್ತೆ, ಕಾನೂನಿನ ಪ್ರಕಾರ ಅದಕ್ಕೂ ಮೂಲದಷ್ಟೇ ಬೆಲೆ. ಆದರೆ ಪರಿಶೀಲನೆ ದಿನ ಮಾತ್ರ ಮೂಲ ಪ್ರತಿ ಕೈಯಲ್ಲೇ ಇರಲಿ.

ಅಂಗಡಿ, ಮಿಲ್ಲು, ಶೋರೂಮಿಗೆ ಅರ್ಜಿ

ಸರ್ಕಾರಿ ಪಟ್ಟಿ ಬರೋವರೆಗೆ ಮನೆ ನಡೀಬೇಕಲ್ಲ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ ಬರೆಯೋ ಕೆಲಸ, ಗೊಬ್ಬರದ ಅಂಗಡಿಯಲ್ಲಿ ಬಿಲ್ಲಿಂಗ್, ಬಟ್ಟೆ ಅಂಗಡಿಯಲ್ಲಿ ಸೇಲ್ಸ್, ಬೈಕ್ ಶೋರೂಮು, ಮೆಡಿಕಲ್ ಶಾಪು. ಇಲ್ಲೆಲ್ಲ ಕೇಳೋದು ಒಂದು ಹಾಳೆಯ ಬಯೋಡೇಟಾ.

ಈ ಒಂದು ಹಾಳೆಯನ್ನ ಜೆರಾಕ್ಸ್ ಅಂಗಡಿಯ ಹಳೇ ಮಾದರಿಯಲ್ಲಿ ಹೆಸರು ಬದಲಾಯಿಸಿ ತರೋರೇ ಜಾಸ್ತಿ. ಅದರಲ್ಲಿ ಅರ್ಥ ಆಗದ ಇಂಗ್ಲಿಷ್‌ನಲ್ಲಿ ಗುರಿ, ಉದ್ದೇಶ ಅಂತ ನಾಲ್ಕು ಸಾಲು ಇರುತ್ತೆ. ಮಾಲೀಕರು ಅದನ್ನ ಓದಲ್ಲ. ಅವರಿಗೆ ಬೇಕಾಗಿರೋದು ಐದೇ ವಿಷಯ. ಊರು ಯಾವುದು, ಅಂಗಡಿಗೆ ಹೇಗೆ ಬರ್ತಾರೆ, ಏನು ಬರುತ್ತೆ, ಮೊದಲು ಎಲ್ಲಿ ಮಾಡಿದ್ರು, ಯಾರನ್ನ ಕೇಳಿದ್ರೆ ಇವರ ಬಗ್ಗೆ ಹೇಳ್ತಾರೆ. ಅದನ್ನೇ ಕನ್ನಡದಲ್ಲಿ ನೇರವಾಗಿ ಬರೀರಿ. "ಕಂಪ್ಯೂಟರ್ ಜ್ಞಾನ ಇದೆ" ಅಂದ್ರೆ ಏನೂ ಹೇಳಿದಂಗೆ ಆಗಲ್ಲ. "ಟ್ಯಾಲಿಯಲ್ಲಿ ಬಿಲ್ ಹಾಕುತ್ತೇನೆ, ನುಡಿಯಲ್ಲಿ ಕನ್ನಡ ಟೈಪ್ ಮಾಡುತ್ತೇನೆ" ಅನ್ನಿ. "ಅನುಭವ: ಇಲ್ಲ" ಅಂತ ಬರೆಯೋ ಮುಂಚೆ ಯೋಚಿಸಿ. ಚಿಕ್ಕಪ್ಪನ ಕಿರಾಣಿ ಅಂಗಡಿಯಲ್ಲಿ ಎರಡು ರಜೆ ಕೂತಿದ್ದೀರಿ, ಗವಿಮಠದ ಜಾತ್ರೆಯಲ್ಲಿ ಆಟಿಕೆ ಮಾರಿದ್ದೀರಿ, ಸ್ವಸಹಾಯ ಸಂಘದ ಲೆಕ್ಕ ಬರೆದಿದ್ದೀರಿ. ಇವೆಲ್ಲ ಅನುಭವವೇ. ಎಷ್ಟು ತಿಂಗಳು, ಏನು ಕೆಲಸ ಅಂತ ಒಂದೊಂದು ಸಾಲು ಸಾಕು. ಡ್ರೈವಿಂಗ್ ಲೈಸೆನ್ಸ್ ಇದ್ರೆ ಮೇಲೇ ಬರೀರಿ, ಇಲ್ಲದಿದ್ರೆ ಸುಳ್ಳು ಬರೀಬೇಡಿ, ಮೊದಲ ದಿನ ಗಾಡಿ ಕೊಟ್ಟಾಗಲೇ ಗೊತ್ತಾಗುತ್ತೆ. ತೆಲುಗು, ಹಿಂದಿ, ಉರ್ದು ಮಾತಾಡೋಕೆ ಬಂದ್ರೆ ಖಂಡಿತ ಬರೀರಿ, ನಮ್ಮ ಕಡೆಯ ಗಿರಾಕಿಗಳಿಗೆ ಅದು ಬೇಕು. ಆಧಾರ್ ನಂಬರ್, ಬ್ಯಾಂಕ್ ಖಾತೆ ಬಯೋಡೇಟಾದಲ್ಲಿ ಬೇಡ. ಆ ಹಾಳೆ ಎಲ್ಲೆಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು.

ನೆಚ್ಚಿನವರ ಹೆಸರು, ನಂಬರ್ ಕೊಡೋ ಮುಂಚೆ ಅವರಿಗೆ ಒಂದು ಫೋನ್ ಮಾಡಿ ಹೇಳಿ. ಮಾಲೀಕರು ಕರೆ ಮಾಡಿದಾಗ ಅವರು "ಯಾವ ಹುಡುಗ?" ಅಂದ್ರೆ ಮುಗೀತು.

ಅಂಗಡಿ ಮಾಲೀಕರಿಗೂ ಒಂದೆರಡು ಮಾತು ಹೇಳಲೇಬೇಕು. ಕೆಲಸ ಬಿಟ್ಟು ಹೋಗದಂತೆ ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳೋ ಪದ್ಧತಿ ಕೆಲವು ಕಡೆ ಇದೆ. ಅದೇ ಹೊತ್ತಿಗೆ ಆ ಹುಡುಗಿಗೆ ಸರ್ಕಾರಿ ಕೆಲಸದ ಪರಿಶೀಲನೆಗೆ ಕರೆ ಬಂದ್ರೆ? ಜೆರಾಕ್ಸ್ ಇಟ್ಕೊಳ್ಳಿ, ಮೂಲ ನೋಡಿ ವಾಪಸ್ ಕೊಡಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕು. ಸಂಬಳ ಎಷ್ಟು, ವಾರದ ರಜೆ ಯಾವತ್ತು ಅಂತ ಲೆಟರ್‌ಹೆಡ್ ಮೇಲೆ ಒಂದು ಪುಟ ಬರೆದುಕೊಟ್ರೆ ಸಾಕು, ನಾಳೆ ಜಗಳ ಬಂದಾಗ ನಿಮಗೂ ಅದೇ ಕಾಗದ ಆಧಾರ. ಆ ಪುಟವೇ ಮುಂದೆ ಅವರ ಬಯೋಡೇಟಾಗೆ ಅನುಭವದ ಪುರಾವೆ ಆಗುತ್ತೆ.

ದುಡ್ಡು ಕೇಳಿದರೆ

ಅಂಚೆ ಹುದ್ದೆಗೆ ಪರೀಕ್ಷೆ ಇಲ್ಲದಿರೋದೇ ದಲ್ಲಾಳಿಗಳಿಗೆ ಬಂಡವಾಳ. "ನಮ್ಮೋರು ಒಳಗಿದ್ದಾರೆ, ಇಷ್ಟು ಕೊಟ್ರೆ ಹೆಸರು ಹಾಕಿಸ್ತೀವಿ" ಅಂತಾರೆ. ಪಟ್ಟಿ ಅಂಕದ ಮೇಲೆ ಬರೋದ್ರಿಂದ ನಿಮ್ಮ ಹೆಸರು ಬರೋದಿದ್ರೆ ಹಾಗೂ ಬರುತ್ತೆ, ಬಂದ್ರೆ ದುಡ್ಡು ಅವರ ಜೇಬಿಗೆ. ಬರದಿದ್ರೆ ಮುಂದಿನ ಪಟ್ಟಿ ಅಂತ ಕಾಯಿಸ್ತಾರೆ. ಹತ್ತು ಜನರ ಹತ್ತಿರ ಇಸ್ಕೊಂಡ್ರೆ ಇಬ್ಬರ ಹೆಸರು ತಾನಾಗೇ ಬಂದಿರುತ್ತೆ, ಆ ಇಬ್ಬರನ್ನ ತೋರಿಸಿ ಇನ್ನೂ ಇಪ್ಪತ್ತು ಜನರನ್ನ ಹಿಡೀತಾರೆ. ವ್ಯಾಪಾರ ನಡೆಯೋದೇ ಹೀಗೆ.

ಖಾಸಗಿ ಕೆಲಸದಲ್ಲಿ ಇದರ ರೂಪ ಬೇರೆ. ಬೆಂಗಳೂರು ಕಂಪನಿ ಅಂತ ವಾಟ್ಸ್ಆ್ಯಪ್‌ನಲ್ಲಿ ಆಫರ್ ಲೆಟರ್ ಬರುತ್ತೆ, ಆಮೇಲೆ ಯೂನಿಫಾರ್ಮ್‌ಗೆ, ಟ್ರೈನಿಂಗ್‌ಗೆ, ಲ್ಯಾಪ್‌ಟಾಪ್‌ಗೆ ಅಂತ ಸ್ವಲ್ಪ ಸ್ವಲ್ಪ ಕೇಳ್ತಾರೆ. ಮೊದಲ ಕಂತು ಚಿಕ್ಕದಿರೋದ್ರಿಂದ ಮನೆಯವರೂ ಹೂಂ ಅಂದು ಕಳಿಸಿಬಿಡ್ತಾರೆ. ಕೆಲಸ ಕೊಡೋರು ಸಂಬಳ ಕೊಡ್ತಾರೆ, ದುಡ್ಡು ಕೇಳಲ್ಲ. ಈಗಾಗಲೇ ಕಳಿಸಿದ್ರೆ ನಾಚಿಕೆ ಪಟ್ಟುಕೊಂಡು ಸುಮ್ಮನೆ ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಮೊದಲ ಗಂಟೆಗಳಲ್ಲಿ ಹೇಳಿದ್ರೆ ಹಣ ಬೇರೆ ಖಾತೆಗೆ ಹೋಗೋ ಮುಂಚೆ ತಡೆಯೋ ಸಾಧ್ಯತೆ ಇರುತ್ತೆ. ಕಳಿಸಿದ ನಂಬರ್, ಸಮಯ, ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಂಡು ಠಾಣೆಗೂ ಹೋಗಿ.

ಈ ವಾರ ಮಾಡೋಕೆ ಆಗೋದು ಇಷ್ಟು: ಮಾರ್ಕ್ಸ್ ಕಾರ್ಡ್, ಆಧಾರ್ ಹೋಲಿಸಿ ನೋಡಿ. 371ಜೆ ಪ್ರಮಾಣಪತ್ರ ಇಲ್ಲದವರು ನಾಡಕಚೇರಿಯಲ್ಲಿ ವಿಚಾರಿಸಿ. ಶಾಲೆ ತೆರೆದಿರುವಾಗಲೇ ಗ್ರಾಮೀಣ, ಕನ್ನಡ ಮಾಧ್ಯಮದ ಸಹಿ ಮಾಡಿಸಿಕೊಂಡು ಬನ್ನಿ. ಬಿಇಒ ಕಚೇರಿಗೆ ಹೋಗುವಾಗ ಎರಡು ಜೊತೆ ಪ್ರತಿ ಒಯ್ಯಿರಿ, ಒಂದನ್ನ ಅವರು ಇಟ್ಕೊಂಡ್ರೂ ಇನ್ನೊಂದು ನಿಮ್ಮ ಕೈಯಲ್ಲಿರುತ್ತೆ.